ಹುರಿದ ಮರ, ನೆಟ್ಟಗಿನ ಕತ್ತು

ಮಲೆನಾಡಿನ ನಮ್ಮ ಮನೆಯ ಹಿತ್ತಿಲ ಬಾಗಿಲು ಜೂನ್ ಬಂತು ಅಂದ್ರೆ ಹಿಡ್ಕೊಳ್ಳುತ್ತಿತ್ತು. ಬೇಸಿಗೆಯಲ್ಲಿ ಕಿರುಬೆರಳಲ್ಲಿ ತಳ್ಳಿದರೆ ತೆರೆಯುತ್ತಿದ್ದ ಬಾಗಿಲನ್ನು ಆರಿದ್ರಾ ಮಳೆ ಹೊತ್ತಿಗೆ ಭುಜ ಕೊಟ್ಟು ನೂಕಬೇಕು. ಆಚಾರಿ ಬಂದು ಉಜ್ಜುಗೊರಡು ಹಾಕಿ ಅಂಚು ಸವರಿ ಹೋದರೆ, ಮುಂದಿನ ಮಾರ್ಚ್‌ನಲ್ಲಿ ಅದೇ ಅಂಚಿನ ಸಂದಿಯಿಂದ ಬಿಸಿಲು ಅಡುಗೆಮನೆಗೆ ಬೀಳುತ್ತಿತ್ತು. "ಕಡಿದ್ರೂ ಮರ ನೀರು ಕುಡಿಯೋದು ಬಿಡಲ್ಲ ಮಾರಾಯ" ಅಂತ ಅಜ್ಜ ಹೇಳುತ್ತಿದ್ದರು.

ಈ ಬಾಗಿಲು ನೆನಪಾಗಿದ್ದು ಬೆಂಗಳೂರಿನ ಒಂದು ವಾದ್ಯದ ಅಂಗಡಿಯಲ್ಲಿ. ಹೊಸ ಗಿಟಾರ್ ನೋಡಲು ಹೋಗಿದ್ದೆ. ಒಂದರ ಕತ್ತು, ಅಂದ್ರೆ ಎಡಗೈಯಲ್ಲಿ ಹಿಡಿಯುವ ಉದ್ದನೆಯ ಭಾಗ, ಹಾಲು ಹಾಕದ ಟೀ ಬಣ್ಣದಲ್ಲಿತ್ತು. ಸಾಮಾನ್ಯವಾಗಿ ಮೇಪಲ್ ಮರದ ಕತ್ತು ಕೆನೆ ಬಣ್ಣದ್ದು. ಇದು ಬಣ್ಣ ಬಳಿದಿದ್ದಲ್ಲ, ಒಳಗಿನವರೆಗೂ ಅದೇ ಬಣ್ಣ. ಮೂಗಿನ ಹತ್ತಿರ ಹಿಡಿದರೆ ಸುಟ್ಟ ಬೆಲ್ಲದಂಥ ಸಣ್ಣ ವಾಸನೆ. "ರೋಸ್ಟೆಡ್ ಮೇಪಲ್ ಸರ್, ಓವನ್‌ನಲ್ಲಿ ಹುರಿದಿರ್ತಾರೆ. ವಿಂಟೇಜ್ ಟೋನ್ ಬರುತ್ತೆ" ಅಂದ ಅಂಗಡಿ ಹುಡುಗ. ಆರೇಳು ಸಾವಿರ ಜಾಸ್ತಿ.

ಹುರಿದ ಕಡಲೆ ಗೊತ್ತು, ಹುರಿದ ಕಾಫಿ ಬೀಜ ಗೊತ್ತು. ಮರ ಯಾಕೆ ಹುರೀತಾರೆ? ಮನೆಗೆ ಬಂದು ಹುಡುಕುತ್ತಾ ಕೂತವನಿಗೆ ವಾರಗಳೇ ಹಿಡಿದವು. ಕೊನೆಗೆ ಗೊತ್ತಾಗಿದ್ದು ಇಷ್ಟು: ಅಂಗಡಿ ಹುಡುಗ ಹೇಳಿದ ಟೋನ್ ವಿಷಯ ಇದರಲ್ಲಿ ಸಣ್ಣದು. ಇದು ನಮ್ಮ ಹಿತ್ತಿಲ ಬಾಗಿಲಿನ ಕತೆ. ಜೊತೆಗೆ, ನಮ್ಮ ಘಟ್ಟದ ಒಂದು ಮರದ ಕತೆಯೂ ಹೌದು.

ಮೊದಲು ಕತ್ತಿನ ಕಷ್ಟ ಏನು ಅಂತ ನೋಡೋಣ. ಆರು ಉಕ್ಕಿನ ತಂತಿಗಳ ಅಕೌಸ್ಟಿಕ್ ಗಿಟಾರನ್ನು ಶ್ರುತಿ ಮಾಡಿದಾಗ ತಂತಿಗಳೆಲ್ಲ ಸೇರಿ ಸುಮಾರು 70 ಕಿಲೋ ಬಲದಲ್ಲಿ ಎಳೆಯುತ್ತಿರುತ್ತವೆ. ಒಂದೂವರೆ ಮೂಟೆ ಅಕ್ಕಿ ಅಂದುಕೊಳ್ಳಿ. ಎಲೆಕ್ಟ್ರಿಕ್ ಗಿಟಾರಿನಲ್ಲಿ ಇದು 45 ಕಿಲೋ ಆಸುಪಾಸು. ಹಗಲು ರಾತ್ರಿ, ನುಡಿಸಿದರೂ ನುಡಿಸದಿದ್ದರೂ, ಈ ಎಳೆತ ಇದ್ದೇ ಇರುತ್ತದೆ. ಇದನ್ನು ತಡೆಯುವುದು ಎರಡು ಸೆಂಟಿಮೀಟರ್ ಚಿಲ್ಲರೆ ದಪ್ಪದ ಒಂದು ಮರದ ಪಟ್ಟಿ. ಅದಕ್ಕಿಂತ ದಪ್ಪ ಮಾಡೋಣ ಅಂದ್ರೆ ಕೈ ಸುತ್ತಲು ಬರಲ್ಲ. ತಂತಿಗೂ ಅದರ ಕೆಳಗಿನ ಫ್ರೆಟ್‌ಗೂ (ವೀಣೆಯಲ್ಲಿ ಮೆಟ್ಟಿಲು ಅಂತೀವಲ್ಲ, ಅದು) ನಡುವೆ ಇರುವ ಅಂತರ ಕತ್ತಿನ ಮಧ್ಯಭಾಗದಲ್ಲಿ ಎರಡು ಮಿಲಿಮೀಟರ್ ಆಸುಪಾಸು. ಕತ್ತು ಕಾಲು ಮಿಲಿಮೀಟರ್ ಬಾಗಿದರೂ ನುಡಿಸುವವನ ಬೆರಳಿಗೆ ಗೊತ್ತಾಗುತ್ತದೆ.

ಎಳೆತ ಒಂದೇ ಆಗಿದ್ದರೆ ಲೆಕ್ಕ ಹಾಕಿ ಗೆಲ್ಲಬಹುದಿತ್ತು. ಕಷ್ಟ ಕೊಡುವುದು ತೇವ. ಗಾಳಿಯ ಆರ್ದ್ರತೆ ಶೇ. 30 ಇದ್ದಾಗ ಮರದೊಳಗಿನ ತೇವಾಂಶ ಸುಮಾರು ಶೇ. 6ಕ್ಕೆ ಬಂದು ನಿಲ್ಲುತ್ತದೆ, ಆರ್ದ್ರತೆ ಶೇ. 80 ಆದರೆ ಅದೇ ಮರ ಶೇ. 16ರವರೆಗೆ ಏರುತ್ತದೆ. ಹಸಿ ಮೇಪಲ್ ಮರವನ್ನು ಪೂರ್ತಿ ಒಣಗಿಸಿದರೆ ವಾರ್ಷಿಕ ಉಂಗುರದ ಗುಂಟ ಶೇ. 9.9, ಉಂಗುರಕ್ಕೆ ಅಡ್ಡಡ್ಡವಾಗಿ ಶೇ. 4.8 ಕುಗ್ಗುತ್ತದೆ. ಅಂದ್ರೆ ಒಂದೇ ತುಂಡು ಮರ ಒಂದು ದಿಕ್ಕಿಗೆ ಇನ್ನೊಂದರ ಎರಡರಷ್ಟು ಅಲುಗಾಡುತ್ತದೆ. ಉದ್ದಕ್ಕೆ ಮಾತ್ರ ಹೆಚ್ಚುಕಮ್ಮಿ ಏನೂ ಇಲ್ಲ. ಹೀಗೆ ಮೂರು ದಿಕ್ಕಿಗೆ ಮೂರು ಥರ ಕುಗ್ಗಿದಾಗ, ಮರದ ಎಳೆ ಸ್ವಲ್ಪ ಓರೆಯಿದ್ದರೂ ಸಾಕು, ಕತ್ತು ಬಾಗುತ್ತದೆ, ಕೆಲವೊಮ್ಮೆ ಹಗ್ಗದ ಥರ ತಿರುಚಿಕೊಳ್ಳುತ್ತದೆ. ಮರ ಅಗಲದಲ್ಲಿ ಕುಗ್ಗಿ ಲೋಹದ ಫ್ರೆಟ್ ಕುಗ್ಗದೆ ಉಳಿದಾಗ ಅದರ ತುದಿಗಳು ಹೊರಚಾಚಿ ಅಂಗೈಗೆ ತರಚುತ್ತವೆ. ಚಳಿಗಾಲದಲ್ಲಿ ಹೀಟರ್ ಹಾಕಿಕೊಂಡು ಕೂರುವ ಅಮೆರಿಕದ ಮನೆಗಳಲ್ಲಿ ಇದು ಪ್ರತಿ ವರ್ಷದ ಗೋಳು.

ಗಿಟಾರ್ ಮಾಡುವವರು ಇದರ ಜೊತೆ ಗುದ್ದಾಡಿದ ರೀತಿಗಳನ್ನು ನೋಡಿದರೆ ಮಜಾ ಅನಿಸುತ್ತದೆ. ಮೊದಲನೆಯ ಉಪಾಯ, ಕಡಿಮೆ ಅಲುಗಾಡುವ ಮರವನ್ನೇ ಆರಿಸುವುದು. ಹೊಂಡುರಾಸ್ ಕಡೆಯ ಮಹಾಗನಿ ಶೇ. 4.1 ಮತ್ತು ಶೇ. 3ರಷ್ಟು ಮಾತ್ರ ಕುಗ್ಗುತ್ತದೆ. ಮೇಪಲ್ ಜೊತೆ ಹೋಲಿಸಿದರೆ ಅದು ಸಾಧು ಹಸು. ಮಾರ್ಟಿನ್, ಗಿಬ್ಸನ್ ಮುಂತಾದ ಕಂಪನಿಗಳ ಕತ್ತುಗಳಿಗೆ ಮಹಾಗನಿ ಅಷ್ಟೊಂದು ಬಳಕೆಯಾಗಿದ್ದಕ್ಕೆ ಕಾರಣ ಅದರ ನಾದಕ್ಕಿಂತ ಈ ಸಾಧುತನ ಅಂತ ನನ್ನ ಅಂದಾಜು.

ಎರಡನೆಯ ಉಪಾಯ, ಒಳಗೆ ಏನಾದರೂ ತುರುಕುವುದು. 1833ರಲ್ಲಿ ಶುರುವಾದ ಮಾರ್ಟಿನ್ ಕಂಪನಿ ಮೊದಲು ಕತ್ತಿನೊಳಗೆ ಕರಿಮರದ ಪಟ್ಟಿ ಕೂರಿಸುತ್ತಿತ್ತು. ಉಕ್ಕಿನ ತಂತಿಯ ಕಾಲ ಬಂದಮೇಲೆ, 1934ರ ಹೊತ್ತಿಗೆ, ಇಂಗ್ಲಿಷಿನ ಟಿ ಆಕಾರದ ಉಕ್ಕಿನ ಪಟ್ಟಿ ಹಾಕಿತು. ಎರಡನೇ ಮಹಾಯುದ್ಧದಲ್ಲಿ ಉಕ್ಕು ಸಿಗದೆ ಹೋದಾಗ ವಾಪಸ್ ಕರಿಮರಕ್ಕೇ ಬಂದು, ಯುದ್ಧ ಮುಗಿದ ಮೇಲೆ ಮತ್ತೆ ಉಕ್ಕು. ಆದರೆ ಇವೆಲ್ಲ ಜಡ ಪಟ್ಟಿಗಳು, ಕೂರಿಸಿದ ಮೇಲೆ ತಿದ್ದಲು ಬರುವುದಿಲ್ಲ.

ತಿದ್ದಲು ಬರುವಂಥದ್ದನ್ನು ಮಾಡಿದ್ದು ಗಿಬ್ಸನ್ ಕಂಪನಿಯ ಥ್ಯಾಡಿಯಸ್ ಮೆಕ್‌ಹ್ಯೂ. 1921ರಲ್ಲಿ ಅರ್ಜಿ ಹಾಕಿ 1923ರಲ್ಲಿ ಪೇಟೆಂಟ್ ಪಡೆದ ಅವರ ಉಪಾಯಕ್ಕೆ ಟ್ರಸ್ ರಾಡ್ ಅಂತ ಹೆಸರು. ಕತ್ತಿನೊಳಗೆ ಒಂದು ಉಕ್ಕಿನ ಸರಳು, ತುದಿಯಲ್ಲಿ ಒಂದು ನಟ್ಟು. ತಂತಿ ಕತ್ತನ್ನು ಮುಂದಕ್ಕೆ ಎಳೆದರೆ ನಟ್ಟು ಬಿಗಿ ಮಾಡಿ, ಸರಳು ಅದನ್ನು ಹಿಂದಕ್ಕೆ ಎಳೆಯುತ್ತದೆ. ಹವೆ ಬದಲಾದಾಗ ಮತ್ತೆ ತಿರುಗಿಸಿ. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳೋದಾದ್ರೆ ಬಗ್ ಸರಿ ಮಾಡಲಿಲ್ಲ, ಗ್ರಾಹಕನ ಕೈಗೆ ಒಂದು ಸೆಟ್ಟಿಂಗ್ ಕೊಟ್ಟರು. ಅದು ನೂರು ವರ್ಷ ನಡೆದುಕೊಂಡು ಬಂದಿದೆ ಅಂದಮೇಲೆ ಆಡಿಕೊಳ್ಳುವ ಹಾಗೂ ಇಲ್ಲ.

ಕ್ಯಾಲಿಫೋರ್ನಿಯಾದ ಲಿಯೋ ಫೆಂಡರ್ ಮಾತ್ರ ಇದು ಬೇಡ ಅಂದುಕೊಂಡರು. ಗಟ್ಟಿ ಮೇಪಲ್‌ಗೆ ಒಳಗೆ ಸರಳು ಯಾಕೆ ಬೇಕು ಅಂತ ಅವರ ವಾದ. ಒಂದೇ ತುಂಡು ಮೇಪಲ್‌ನಿಂದ ಕತ್ತು ಮಾಡಿ, ಅಂಟು ಹಾಕದೆ ನಾಲ್ಕು ಸ್ಕ್ರೂನಲ್ಲಿ ದೇಹಕ್ಕೆ ಬಿಗಿಯುವ ವಿನ್ಯಾಸ ಅವರದು. ಕೆಟ್ಟರೆ ಕತ್ತನ್ನೇ ಬದಲಾಯಿಸಿ! 1950ರಲ್ಲಿ ಬಂದ ಎಸ್ಕ್ವೈರ್ ಗಿಟಾರಿನ ಮೊದಲ ಕಂತಿಗೆ ಟ್ರಸ್ ರಾಡ್ ಇರಲಿಲ್ಲ. ಕತ್ತುಗಳು ಬಾಗಿದವು, ಗಿಟಾರುಗಳು ವಾಪಸ್ ಬಂದವು, ಆ ವರ್ಷ ಮುಗಿಯುವುದರೊಳಗೆ ಫೆಂಡರ್ ಕೂಡ ಸರಳು ಹಾಕತೊಡಗಿದರು. ಹಳೇ ಫೆಂಡರ್ ಕತ್ತಿನ ಹಿಂಬದಿಯಲ್ಲಿ ಉದ್ದಕ್ಕೆ ಒಂದು ಕಂದು ಪಟ್ಟಿ ಕಾಣುತ್ತದಲ್ಲ, ಅದು ಸರಳು ಕೂರಿಸಲು ತೋಡಿದ ಕಾಲುವೆಯನ್ನು ಮುಚ್ಚಿದ ವಾಲ್‌ನಟ್ ಮರದ ಪಟ್ಟಿ. ಎಷ್ಟೋ ಜನ ಅದನ್ನು ಅಲಂಕಾರ ಅಂದುಕೊಂಡಿದ್ದಾರೆ. ನಾನೂ ಅಂದುಕೊಂಡಿದ್ದೆ.

ಮೂರನೆಯ ಉಪಾಯ, ಮರವನ್ನೇ ಬಿಟ್ಟುಬಿಡುವುದು. 1980ರ ಹೊತ್ತಿಗೆ ಸ್ಟೈನ್‌ಬರ್ಗರ್ ಕಂಪನಿ ಕಾರ್ಬನ್ ನಾರಿನಿಂದ ಬೇಸ್ ಗಿಟಾರ್ ಮಾಡಿತು. ತೇವಕ್ಕೆ ಅದು ಕೇರ್ ಮಾಡುವುದಿಲ್ಲ. ಎಂಜಿನಿಯರಿಂಗ್ ದೃಷ್ಟಿಯಿಂದ ಅಲ್ಲಿಗೆ ವಿಷಯ ಮುಗಿಯಬೇಕಿತ್ತು. ಆದರೆ ಜನಕ್ಕೆ ಮರವೇ ಬೇಕು. ಬಿಸಿ ಮಾಡಿದ ಮರ ಗಿಟಾರಿಗೆ ಬಂದಿದ್ದು ಈ ಹಟದಿಂದಲೇ: ಮರವೂ ಇರಬೇಕು, ಮರದ ಗುಣ ಮಾತ್ರ ಇರಬಾರದು.

ಇಲ್ಲಿ ಕತೆಯನ್ನು ಗಿಟಾರಿನಿಂದ ಬಿಡಿಸಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್‌ಗೆ ಒಯ್ಯಬೇಕು. ಮರವನ್ನು ಕಾಯಿಸಿದರೆ ಏನಾಗುತ್ತೆ ಅನ್ನೋದನ್ನು ಮೊದಲು ಅಳತೆ ಮಾಡಿ ನೋಡಿದವರಿಗೆ ಸಂಗೀತದ ಗೊಡವೆಯೇ ಇರಲಿಲ್ಲ. 1910ರಲ್ಲಿ ಅಲ್ಲಿನ ಅರಣ್ಯ ಇಲಾಖೆ ಫಾರೆಸ್ಟ್ ಪ್ರಾಡಕ್ಟ್ಸ್ ಲ್ಯಾಬೊರೇಟರಿ ಅಂತ ಒಂದು ಪ್ರಯೋಗಾಲಯ ತೆರೆಯಿತು. ಅಲ್ಲಿದ್ದ ಹ್ಯಾರಿ ಟೀಮನ್ ಎಂಬ ವಿಜ್ಞಾನಿ ಮರ ಒಣಗಿಸುವ ಗೂಡುಗಳ ಮೇಲೆ ಕೆಲಸ ಮಾಡುತ್ತಿದ್ದರು. ಮೊದಲ ಮಹಾಯುದ್ಧದ ಕಾಲ, ವಿಮಾನಗಳು ಮರದವು, ಮರ ಬೇಗ ಒಣಗಬೇಕು, ಸೀಳಬಾರದು. 1915ರ ಸುಮಾರಿಗೆ ಅವರು ಕಂಡುಕೊಂಡಿದ್ದೇನೆಂದರೆ, ಒಣಗಿದ ಮರವನ್ನು 150 ಡಿಗ್ರಿ ಸೆಲ್ಸಿಯಸ್‌ನ ಬಿಸಿ ಹಬೆಯಲ್ಲಿ ಕೆಲವು ಗಂಟೆ ಇಟ್ಟರೆ, ಆಮೇಲೆ ಅದು ಗಾಳಿಯಿಂದ ಮೊದಲಿನಷ್ಟು ತೇವ ಹೀರುವುದಿಲ್ಲ. ಮರಕ್ಕೆ ನೀರು ಕುಡಿಯುವ ಚಟ ಬಿಡಿಸಬಹುದು ಅನ್ನೋದಕ್ಕೆ ಅದು ಮೊದಲ ಸುಳಿವು.

ಅದೇ ಪ್ರಯೋಗಾಲಯದ ಆಲ್ಫ್ರೆಡ್ ಸ್ಟ್ಯಾಮ್ ಈ ಸುಳಿವನ್ನು ಇನ್ನೂ ಮುಂದೆ ಒಯ್ದರು. 1937ರಲ್ಲಿ ಬೇರೆ ಬೇರೆ ಅನಿಲಗಳಲ್ಲಿ ಮರ ಕಾಯಿಸಿ ನೋಡಿದರು. 1946ರಲ್ಲಿ ಅವರು ಮತ್ತು ಸಂಗಡಿಗರು ಪ್ರಕಟಿಸಿದ ವಿಧಾನವಂತೂ ಭಯಂಕರ: ಕರಗಿದ ಲೋಹದ ತೊಟ್ಟಿಯೊಳಗೆ ಮರದ ಹಲಗೆ ಮುಳುಗಿಸುವುದು. ಕೇಳಿದರೆ ಹುಚ್ಚಾಟ ಅನಿಸುತ್ತೆ, ಆದರೆ ಅದರಲ್ಲಿ ತರ್ಕವಿದೆ. ಮರ ಉರಿಯಲು ಆಮ್ಲಜನಕ ಬೇಕು. ಕರಗಿದ ಲೋಹದೊಳಗೆ ಗಾಳಿ ಇಲ್ಲ, ಶಾಖ ಮಾತ್ರ ಎಲ್ಲ ಕಡೆಯಿಂದ ಸಮನಾಗಿ ಸಿಗುತ್ತದೆ. ಹೀಗೆ ಮಾಡಿದ ಮರಕ್ಕೆ ಸ್ಟೇಬ್‌ವುಡ್ ಅಂತ ಹೆಸರಿಟ್ಟರು. ಉಬ್ಬುವುದು ಕುಗ್ಗುವುದು ಚೆನ್ನಾಗಿಯೇ ಕಡಿಮೆಯಾಯಿತು. ಜೊತೆಗೆ ಮರ ಚಕ್ಕುಲಿಯಂತೆ ಪೆಡಸಾಯಿತು. ಯುದ್ಧಕಾಲದ ವಿಮಾನದ ಪ್ರೊಪೆಲ್ಲರ್‌ಗೆ ಇಂಥದ್ದು ಆಗುವುದಿಲ್ಲ. ಅಲ್ಲಿ ಅಂಟು ರಾಳ ಕುಡಿಸಿ ಒತ್ತಿದ ಮರ ಗೆದ್ದಿತು. ಸ್ಟೇಬ್‌ವುಡ್ ಮಾರುಕಟ್ಟೆಗೆ ಬರದೆ ಪ್ರಬಂಧಗಳಲ್ಲೇ ಉಳಿಯಿತು.

ಕಾಯಿಸಿದರೆ ಮರದೊಳಗೆ ಆಗುವುದೇನು? ಮರವನ್ನು ಆರ್‌ಸಿಸಿ ಕಟ್ಟಡಕ್ಕೆ ಹೋಲಿಸುವುದುಂಟು. ಸೆಲ್ಯುಲೋಸ್ ಅದರ ಕಬ್ಬಿಣದ ಸರಳು. ಲಿಗ್ನಿನ್ ಅದರ ಸಿಮೆಂಟು. ಇವೆರಡರ ನಡುವೆ ಕಟ್ಟುವ ತಂತಿಯ ಹಾಗೆ ಹೆಮಿಸೆಲ್ಯುಲೋಸ್ ಅಂತ ಒಂದು ಸಕ್ಕರೆಯ ಸರಪಳಿ ಇದೆ. ನೀರನ್ನು ಬಾಚಿ ಹಿಡಿದುಕೊಳ್ಳುವುದರಲ್ಲಿ ಈ ಮೂರನೆಯದರದ್ದೇ ಮುಂದಾಳತ್ವ. ಬಿಸಿಗೆ ಮೊದಲು ಮುರಿದುಬೀಳುವುದೂ ಇದೇ. 160 ಡಿಗ್ರಿ ದಾಟಿ 200ರ ಆಸುಪಾಸು ಬರುವಷ್ಟರಲ್ಲಿ ಅದು ಒಡೆದು ಅಸಿಟಿಕ್ ಆಮ್ಲ, ಅಂದ್ರೆ ವಿನೆಗರ್‌ನ ಹುಳಿ, ಬಿಡುಗಡೆ ಮಾಡುತ್ತದೆ. ಆ ಹುಳಿ ಉಳಿದದ್ದನ್ನು ಒಡೆಯಲು ಇನ್ನಷ್ಟು ಸಹಾಯ ಮಾಡುತ್ತದೆ. ಸಕ್ಕರೆ ಕಪ್ಪಾಗುತ್ತಾ ಬಣ್ಣ ಬರುತ್ತದೆ, ಫರ್ಫ್ಯೂರಲ್ ಎಂಬ ವಸ್ತುವಿನ ವಾಸನೆ ಬರುತ್ತದೆ. ಅಂಗಡಿಯಲ್ಲಿ ನನ್ನ ಮೂಗಿಗೆ ಬಡಿದ ಸುಟ್ಟ ಬೆಲ್ಲ ಇದೇ. ಚೆನ್ನಾಗಿ ಕಾಯಿಸಿದ ಮರ ಅದೇ ಗಾಳಿಯಲ್ಲಿ ಸಾಮಾನ್ಯ ಮರ ಹಿಡಿಯುವ ತೇವದ ಸುಮಾರು ಅರ್ಧದಷ್ಟು ಮಾತ್ರ ಹಿಡಿಯುತ್ತದೆ. ಆದರೆ ಕಟ್ಟುವ ತಂತಿಯೇ ಕರಗಿದ ಮೇಲೆ ಕಟ್ಟಡದ ಗತಿ? ಬಾಗುವ ಗುಣ ಹೋಗಿ, ಸೀಳುವ ಗುಣ ಬರುತ್ತದೆ. ಒಂದನ್ನು ಬಿಟ್ಟು ಇನ್ನೊಂದು ಸಿಗುವುದಿಲ್ಲ. ಸ್ಟ್ಯಾಮ್ ಸೋತಿದ್ದು ಇಲ್ಲೇ.

ಅಂದಹಾಗೆ ನಮ್ಮೂರಲ್ಲಿ ಬೇಲಿ ಗೂಟದ ಬುಡ ಸುಟ್ಟು ಹುಗಿಯುವುದನ್ನು ಇದರ ಜೊತೆ ಸೇರಿಸಬಾರದು. ಅದು ಬರೀ ಮೇಲಿನ ಕರಿ. ಇದು ನಟ್ಟನಡುವಿನವರೆಗೂ ಬೆಂದ ಮರ. ಇದನ್ನು ನೆಲದಲ್ಲಿ ಹುಗಿದರೆ ಗೆದ್ದಲು ಬಿಡುತ್ತೆ ಅಂತ ನಂಬಿಕೊಳ್ಳುವ ಹಾಗೂ ಇಲ್ಲ.

ಮರೆತುಹೋದ ಈ ವಿದ್ಯೆ ಎದ್ದು ಬಂದಿದ್ದು 1990ರ ದಶಕದಲ್ಲಿ, ಫಿನ್ಲೆಂಡಿನಲ್ಲಿ. ಅವರ ಹತ್ತಿರ ಇರುವುದು ಪೈನ್, ಸ್ಪ್ರೂಸ್ ಕಾಡು. ಮೆತ್ತನೆ ಮರ, ಹೊರಗೆ ಮಳೆಗೆ ಇಟ್ಟರೆ ಕೊಳೆಯುತ್ತದೆ. ಕೊಳೆಯದಿರಲು ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಸೇರಿದ ವಿಷ ಕುಡಿಸುತ್ತಿದ್ದರು. ಈ ವಿಷದ ಮೇಲೆ ಯುರೋಪಿನಲ್ಲಿ ಆಕ್ಷೇಪ ಜೋರಾಗುತ್ತಾ ಹೋಗಿ 2004ರ ಹೊತ್ತಿಗೆ ಮನೆಬಳಕೆಯ ಮರಕ್ಕೆ ನಿಷೇಧವೇ ಬಂತು. ಅಲ್ಲಿನ ವಿಟಿಟಿ ಎಂಬ ಸರ್ಕಾರಿ ಸಂಶೋಧನಾ ಸಂಸ್ಥೆ, ಕರಗಿದ ಲೋಹದ ಬದಲು ಹಬೆ ತುಂಬಿದ ಗೂಡಿನಲ್ಲಿ ಮರ ಕಾಯಿಸುವ ವಿಧಾನವನ್ನು ಪಳಗಿಸಿತು. ಮೊದಲು ಮೆಲ್ಲಗೆ 130 ಡಿಗ್ರಿವರೆಗೆ ಬಿಸಿ ಮಾಡಿ ಪೂರ್ತಿ ಒಣಗಿಸುವುದು. ಆಮೇಲೆ 185ರಿಂದ 215 ಡಿಗ್ರಿಯಲ್ಲಿ ಎರಡು ಮೂರು ಗಂಟೆ. ಕೊನೆಗೆ ನೀರು ಸಿಂಪಡಿಸಿ ತಣಿಸಿ, ಶೇ. 4ರಿಂದ 7ರಷ್ಟು ತೇವ ವಾಪಸ್ ಕೊಡುವುದು. ಥರ್ಮೋವುಡ್ ಅಂತ ಹೆಸರು. ಸೌನಾ ಸ್ನಾನದ ಕೋಣೆ, ಮನೆಯ ಹೊರಗೋಡೆ, ಅಂಗಳದ ಹಲಗೆ, ಇವಕ್ಕೆ ಚೆನ್ನಾಗಿ ಒಗ್ಗಿತು. ಅಂಗಳದ ಹಲಗೆ ಸ್ವಲ್ಪ ಪೆಡಸಾದರೆ ಯಾರೂ ತಲೆ ಕೆಡಿಸಿಕೊಳ್ಳಲ್ಲ. ಫ್ರಾನ್ಸ್, ನೆದರ್ಲೆಂಡ್ಸ್, ಜರ್ಮನಿಗಳಲ್ಲೂ ತಮ್ಮ ತಮ್ಮ ವಿಧಾನಗಳು ಬಂದವು; ಜರ್ಮನಿಯಲ್ಲಿ ಬಿಸಿ ಎಣ್ಣೆಯಲ್ಲಿ ಕರಿಯುವುದೂ ಇತ್ತು, ಬೋಂಡಾದ ಹಾಗೆ.

ಗೂಡುಗಳು ಬಂದಮೇಲೆ ಬೇಕಾದ ಮರವನ್ನು ಕಾಯಿಸಬಹುದಾಯಿತು, ಮೇಪಲ್ ಅನ್ನೂ. ಗಿಟಾರ್ ಮಾಡುವವರು ಅಲ್ಲೊಬ್ಬರು ಇಲ್ಲೊಬ್ಬರು ಪ್ರಯತ್ನಿಸುತ್ತಿದ್ದರು. ಆದರೆ ದೊಡ್ಡ ಕಂಪನಿಯೊಂದು ಸಾವಿರಗಟ್ಟಲೆ ಗಿಟಾರಿಗೆ ಬೇಯಿಸಿದ ಮೇಪಲ್ ಹಾಕಿದ್ದು ಪೊಲೀಸ್ ದಾಳಿಯೊಂದರ ನೆರಳಿನಲ್ಲಿ. ಆ ದಾಳಿಯ ಒಂದು ತುದಿ ನಮ್ಮ ದೇಶದಲ್ಲಿದೆ.

ಕತ್ತಿನ ಮೇಲೆ, ತಂತಿಯ ಕೆಳಗೆ, ಬೆರಳು ಒತ್ತುವ ಜಾಗಕ್ಕೆ ಬೇರೆಯೇ ಒಂದು ತೆಳು ಹಲಗೆ ಅಂಟಿಸುತ್ತಾರೆ. ಅದು ಫಿಂಗರ್‌ಬೋರ್ಡ್. ಬೆವರು, ಉಗುರು, ಲೋಹದ ತಂತಿಯ ಉಜ್ಜಾಟ ತಡೆಯಬೇಕು, ಹಾಗಾಗಿ ಗಟ್ಟಿ, ಎಣ್ಣೆಯಂಶ ಇರುವ ಮರ ಬೇಕು. ಮೊದಲು ಬ್ರೆಜಿಲ್‌ನ ರೋಸ್‌ವುಡ್ ಇತ್ತು. ಅದು ಸಿಗುವುದು ಕಷ್ಟವಾಗಿ, 1969ರಿಂದೀಚೆಗೆ ಮಾರ್ಟಿನ್‌ನಂಥ ಕಂಪನಿ ಭಾರತದ ರೋಸ್‌ವುಡ್‌ಗೆ ಬದಲಾಯಿತು. ಭಾರತದ ರೋಸ್‌ವುಡ್ ಅಂದ್ರೆ ಬೇರೇನಲ್ಲ, ನಮ್ಮ ಬೀಟೆ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನೆರಳಿಗೆ ನಿಂತಿರುವ, ಸ್ವಂತ ಜಮೀನಿನಲ್ಲಿದ್ದರೂ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕೊಡಲಿ ಹಾಕುವಂತಿಲ್ಲದ ಬೀಟೆ. ಜಗತ್ತಿನ ಅರ್ಧ ಗಿಟಾರುವಾದಕರ ಬೆರಳಡಿಯಲ್ಲಿ ಇರುವುದು ಪಶ್ಚಿಮ ಘಟ್ಟದ ಮರ ಅಂತ ಊರಲ್ಲಿ ಹೇಳಿದರೆ ಯಾರೂ ನಂಬಲಿಲ್ಲ.

ಅಮೆರಿಕದಲ್ಲಿ ಲೇಸಿ ಆಕ್ಟ್ ಅಂತ 1900ರ ಒಂದು ಕಾನೂನಿದೆ. ಮೂಲದಲ್ಲಿ ಕಾಡುಪ್ರಾಣಿ, ಪಕ್ಷಿಗಳಿಗೆ ಇದ್ದಿದ್ದನ್ನು 2008ರಲ್ಲಿ ಮರಗಳಿಗೂ ವಿಸ್ತರಿಸಿದರು. ಬೇರೆ ದೇಶದ ಕಾನೂನು ಮುರಿದು ತಂದ ಮರ ಅಮೆರಿಕದಲ್ಲೂ ಅಪರಾಧ. 2009ರ ನವೆಂಬರ್‌ನಲ್ಲಿ ಗಿಬ್ಸನ್ ಕಂಪನಿಯ ನ್ಯಾಶ್‌ವಿಲ್ ಕಾರ್ಖಾನೆ ಮೇಲೆ ಮಡಗಾಸ್ಕರ್‌ನ ಕರಿಮರದ ಸಂಬಂಧ ದಾಳಿಯಾಯಿತು. 2011ರ ಆಗಸ್ಟ್‌ನಲ್ಲಿ ಮತ್ತೆ ದಾಳಿ, ಈ ಸಲ ಭಾರತದಿಂದ ಬಂದ ಕರಿಮರ ಮತ್ತು ಬೀಟೆಯ ಸಂಬಂಧ. ಭಾರತದ ನಿಯಮ ಏನೆಂದರೆ, ಕೊಯ್ದ ಮರವನ್ನು ಹಾಗೇ ರಫ್ತು ಮಾಡುವಂತಿಲ್ಲ; ವಿನೀರ್ ಥರದ ತೆಳು ಹಾಳೆ ಅಥವಾ ತಯಾರಾದ ವಸ್ತು ಮಾಡಿ ಕಳಿಸಬಹುದು. ಕೊಯ್ದ ಮರ ಯಾವುದು, ತೆಳು ಹಾಳೆ ಯಾವುದು? ಸುಂಕದ ಪಟ್ಟಿಯಲ್ಲಿ ಗೆರೆ ಎಳೆದಿರುವುದು 6 ಮಿಲಿಮೀಟರ್‌ಗೆ. ಗಿಟಾರಿಗೆ ಅಂತ ಕೊಯ್ದ ಹಲಗೆ ಅದಕ್ಕಿಂತ ದಪ್ಪ. ಹಾಗಾದ್ರೆ ಅದು ಬರೀ ಕೊಯ್ದ ಮರವೋ, ವಾದ್ಯದ ಭಾಗವೋ? ಕೆಲವು ಮಿಲಿಮೀಟರ್ ಮೇಲೆ ಇಡೀ ಕೇಸು ನಿಂತಿತ್ತು.

2012ರ ಆಗಸ್ಟ್‌ನಲ್ಲಿ ರಾಜಿಯಾಯಿತು. ಮಡಗಾಸ್ಕರ್ ವಿಷಯಕ್ಕೆ ಗಿಬ್ಸನ್ 3 ಲಕ್ಷ ಡಾಲರ್ ದಂಡ ಕಟ್ಟಿತು, ವನ್ಯಜೀವಿ ಪ್ರತಿಷ್ಠಾನವೊಂದಕ್ಕೆ 50 ಸಾವಿರ ಡಾಲರ್ ಕೊಟ್ಟಿತು. ಭಾರತದ ಮರದ ಬಗ್ಗೆ ಮಾತ್ರ, ಆ ನಿಯಮವೇ ಗೊಂದಲದಲ್ಲಿದೆ ಅಂತ ಎರಡೂ ಕಡೆಯವರು ಒಪ್ಪಿ, ಹಿಡಿದಿದ್ದ ಹಲಗೆಗಳನ್ನು ವಾಪಸ್ ಕೊಟ್ಟರು. ಗಿಬ್ಸನ್ ಆ ಹಲಗೆಗಳನ್ನೇ ಹಾಕಿ ಗವರ್ನಮೆಂಟ್ ಸೀರೀಸ್ ಅಂತ ಗಿಟಾರ್ ಮಾಡಿ ಮಾರಿತು. ವ್ಯಾಪಾರಿಯ ಬುದ್ಧಿ ನೋಡಿ!

ಭಾರತದ ನಿಯಮವನ್ನು ಅಮೆರಿಕದ ಎಷ್ಟೋ ಜನ ಆಗ ಗೇಲಿ ಮಾಡಿದರು. ನನಗೆ ಪೂರ್ತಿ ಹಾಗೆ ಅನ್ನಿಸುವುದಿಲ್ಲ. ಮರ ನಮ್ಮದಾದರೆ ಅದನ್ನು ಕೆತ್ತುವ ಕೂಲಿಯೂ ಇಲ್ಲಿಯವರಿಗೇ ಸಿಗಲಿ ಅನ್ನೋದು ನ್ಯಾಯವಾದ ಮಾತೇ. ಅದನ್ನು ಮಿಲಿಮೀಟರ್ ಪಟ್ಟಿ ಹಿಡಿದು ಅಳೆಯಲು ಹೋದದ್ದು ಮಾತ್ರ ವಿಚಿತ್ರ.

ಈ ಗಲಾಟೆಯ ನಡುವೆ, 2011-12ರಲ್ಲಿ, ಗಿಬ್ಸನ್ ಕಾರ್ಖಾನೆಯಲ್ಲಿ ಬೀಟೆಗೆ ಬದಲು ಏನೋ ಒಂದು ಬೇಕಿತ್ತು. ಮೇಪಲ್ ಅಮೆರಿಕದಲ್ಲೇ ಬೆಳೆಯುತ್ತದೆ, ಯಾರ ಕಾಗದವೂ ಬೇಡ. ಬಣ್ಣ ಮಾತ್ರ ಬಿಳಿ. ಬೇಯಿಸಿದರೆ ಕಂದು. ಲೆಸ್ ಪಾಲ್, ಎಸ್‌ಜಿಯಂಥ ಹೆಸರಾಂತ ಗಿಟಾರುಗಳ ಮೇಲೆ ಬೇಕ್ಡ್ ಮೇಪಲ್ ಫಿಂಗರ್‌ಬೋರ್ಡ್ ಬಂದಿದ್ದು ಹೀಗೆ. ಬೇಯಿಸಿದ ಮರದ ನಿಜವಾದ ಗುಣವನ್ನು ಯಾರೂ ಕೇಳಲಿಲ್ಲ. ಬೀಟೆಯ ವೇಷ ಹಾಕಿಸಿ ನಿಲ್ಲಿಸಿದರು. ಎಷ್ಟೋ ಕೊಳ್ಳುವವರು ಇದು ಡೂಪ್ಲಿಕೇಟ್ ಅಂತ ಮೂಗು ಮುರಿದರು. ಕಂಪನಿಯೂ ಆಮೇಲೆ ರೋಸ್‌ವುಡ್‌ಗೇ ವಾಪಸಾಯಿತು.

ಆದರೆ ಕಾಗದದ ಕಾಟ ಮುಗಿಯಲಿಲ್ಲ. ಬೀಟೆಯ ಜಾತಿಯನ್ನೇ, ಅಂದ್ರೆ ಡಾಲ್ಬರ್ಜಿಯಾ ಕುಲದ ಎಲ್ಲ ಮರಗಳನ್ನು, 2017ರ ಜನವರಿ 2ರಿಂದ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಗೆ ಸೇರಿಸಲಾಯಿತು. ಮಾರಲು ಗಡಿ ದಾಟಿಸುವ ಪ್ರತಿ ಗಿಟಾರಿಗೂ ಪರವಾನಗಿ. ಫೆಂಡರ್ ತನ್ನ ಮೆಕ್ಸಿಕೋ ಕಾರ್ಖಾನೆಯ ಗಿಟಾರುಗಳಿಗೆ ಪಾವ್ ಫೆರೋ ಎಂಬ ಬೇರೆ ಮರ ಹಾಕತೊಡಗಿತು. 2019ರ ನವೆಂಬರ್‌ನಲ್ಲಿ ತಯಾರಾದ ವಾದ್ಯಗಳಿಗೆ ವಿನಾಯಿತಿ ಕೊಟ್ಟರು. ಮಹಾಗನಿ ಅಂತೂ 2003ರಿಂದಲೇ ಅದೇ ಪಟ್ಟಿಯಲ್ಲಿದೆ. ಅಂದ್ರೆ ತೇವಕ್ಕೆ ಅಲುಗದ ಸಾಧು ಮರವೂ, ಗಟ್ಟಿಯಾದ ಕಂದು ಮರವೂ, ಎರಡೂ ಕಷ್ಟದ ಮರಗಳಾದವು. ಮನೆ ಹಿಂದೆ ಬೇಕಾದಷ್ಟು ಬೆಳೆಯುವ, ಆದರೆ ಅಲುಗಾಡುವ ಮೇಪಲ್ ಉಳಿಯಿತು. ಅದನ್ನು ಬೇಯಿಸಿದರೆ ಮಹಾಗನಿಯ ಸಾಧುತನದ ಹತ್ತಿರಕ್ಕೆ ಬರುತ್ತದೆ. ಇದು ಬಣ್ಣದ ಮಾತಲ್ಲ, ಫಿಂಗರ್‌ಬೋರ್ಡಿನ ಮಾತೂ ಅಲ್ಲ, ಇಡೀ ಕತ್ತಿನ ಮಾತು. ಮ್ಯೂಸಿಕ್ ಮ್ಯಾನ್‌ನಂಥ ಕಂಪನಿಗಳು ಹುರಿದ ಮೇಪಲ್ ಕತ್ತನ್ನು ಹೆಮ್ಮೆಯಿಂದ ಹೇಳಿಕೊಂಡು ಮಾರತೊಡಗಿದ ಮೇಲೆ ವೇಷ ಕಳಚಿತು. ಈಗ ಕಂದು ಬಣ್ಣವೇ ದುಡ್ಡಿನ ಗುರುತು.

ಇನ್ನು ವಿಂಟೇಜ್ ಟೋನ್. 2015ರಲ್ಲಿ ಮಾರ್ಟಿನ್ ಕಂಪನಿ ಹಳೇ ಗಿಟಾರಿನ ನಾದ ತರುತ್ತೇವೆ ಅಂತ ಬಿಸಿ ಮಾಡಿದ ಸ್ಪ್ರೂಸ್ ಮರದ ಮೇಲ್ಹಲಗೆ ತಂದಿತು. ಯಮಹಾದ್ದೂ ಅಂಥದೇ ವಿಧಾನವಿದೆ. ಅಕೌಸ್ಟಿಕ್ ಗಿಟಾರಿನಲ್ಲಿ ನಾದ ಹೊರಡುವುದು ಮೇಲ್ಹಲಗೆಯಿಂದ. ಹಳೆಯ ಮರದಲ್ಲೂ ದಶಕಗಳುದ್ದಕ್ಕೆ ಹೆಮಿಸೆಲ್ಯುಲೋಸ್ ಮೆಲ್ಲಗೆ ಸವೆಯುವುದು ನಿಜ, ಹಾಗಾಗಿ ಆ ಮಾತಿಗೆ ಸ್ವಲ್ಪ ಬುಡ ಇದೆ. ಆದರೆ ಮೇಲ್ಹಲಗೆಗೆ ಹೇಳಿದ್ದನ್ನು ಎತ್ತಿ ಎಲೆಕ್ಟ್ರಿಕ್ ಗಿಟಾರಿನ ಕತ್ತಿಗೆ ಅಂಟಿಸಿದರೆ ಅದು ಅಂಗಡಿ ಮಾತು. ಮರದ ನಾದದ ಬಗ್ಗೆ ನಮ್ಮ ಕಿವಿ ಎಷ್ಟು ನಂಬಿಕಸ್ಥ ಅನ್ನೋದಕ್ಕೆ ಒಂದು ಪ್ರಯೋಗ ಹೇಳಬೇಕು. ಬ್ರಿಟನ್ನಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ್ದು. ಹಿಂಬದಿ ಮತ್ತು ಪಕ್ಕದ ಹಲಗೆಯ ಮರ ಬಿಟ್ಟು ಉಳಿದಂತೆ ಒಂದೇ ಥರದ ಆರು ಗಿಟಾರ್ ಮಾಡಿಸಿದರು. ಬ್ರೆಜಿಲ್ ರೋಸ್‌ವುಡ್, ನಮ್ಮ ಬೀಟೆ, ಮಹಾಗನಿ, ಮೇಪಲ್, ಸಪೇಲಿ, ವಾಲ್‌ನಟ್. 52 ಗಿಟಾರುವಾದಕರಿಗೆ ವೆಲ್ಡಿಂಗ್ ಕನ್ನಡಕ ಹಾಕಿಸಿ, ಮಬ್ಬು ಬೆಳಕಿನಲ್ಲಿ ನುಡಿಸಲು ಕೊಟ್ಟರು. ದುಬಾರಿ ಮರಕ್ಕೂ ಅಗ್ಗದ ಮರಕ್ಕೂ ಅಂಕಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ಕತ್ತಿನ ಮರದ ಮೇಲೆ ನಡೆದ ಪ್ರಯೋಗವಲ್ಲ ಇದು, ಒಪ್ಪುತ್ತೇನೆ. ಆದರೂ ಬಣ್ಣ ನೋಡಿ ನಾದ ಹೇಳುವವರ ಮಾತನ್ನು ಆಮೇಲಿಂದ ನಾನು ಅರ್ಧ ಮಾತ್ರ ಕೇಳುತ್ತೇನೆ.

ಗಿಟಾರ್ ಮಾಡುವವರ ಕಷ್ಟ ಅಂಗಡಿಯವರು ಹೇಳುವುದಿಲ್ಲ. ಹುರಿದ ಮೇಪಲ್‌ಗೆ ನೇರ ಸ್ಕ್ರೂ ಹೊಡೆದರೆ ಸೀಳುತ್ತದೆ, ಮೊದಲೇ ಸರಿಯಾದ ಅಳತೆಯ ತೂತು ಕೊರೆಯಬೇಕು. ನೀರು ಬೆರೆತ ಮರಗೆಲಸದ ಅಂಟು ಅದರೊಳಗೆ ಇಳಿಯಲು ಹೊತ್ತು ಬೇಕು, ಯಾಕಂದ್ರೆ ನೀರು ಬೇಡ ಅಂತಲೇ ಅದನ್ನು ಹುರಿದಿದ್ದು. ಉಜ್ಜುವಾಗ ಏಳುವ ಪುಡಿ ಬಲು ಸಣ್ಣ, ಮೂಗಿಗೆ ಹೋದರೆ ಕೆಮ್ಮು. ಕತ್ತಿನ ಮೇಲೆ ಗಿಟಾರ್ ಬಿದ್ದರೆ ಸಾಮಾನ್ಯ ಮೇಪಲ್ ತಡೆದುಕೊಳ್ಳುವ ಪೆಟ್ಟನ್ನು ಇದು ತಡೆಯುತ್ತೆ ಅಂತ ಹೇಳಲು ಬರಲ್ಲ. ಬಣ್ಣ ಕಪ್ಪಾದಷ್ಟೂ ಒಳಗಿನ ಕಟ್ಟುವ ತಂತಿ ಹೆಚ್ಚು ಸುಟ್ಟಿದೆ ಅಂತ ಲೆಕ್ಕ. ಹಾಗಾಗಿ ಕಾಫಿ ಡಿಕಾಕ್ಷನ್ ಬಣ್ಣದ ಕತ್ತಿಗಿಂತ ಬೆಲ್ಲದ ಬಣ್ಣದ ಕತ್ತೇ ನನಗೆ ಹೆಚ್ಚು ಸರಿ ಕಾಣುತ್ತದೆ. ಲಾಭವೂ ಇದೆ. ಸಾಮಾನ್ಯ ಮೇಪಲ್‌ಗೆ ತೇವ ತಾಗದಿರಲಿ ಅಂತ ದಪ್ಪ ವಾರ್ನಿಷ್ ಬಳಿಯುತ್ತಿದ್ದರು, ಅಂಗೈಗೆ ಅಂಟುತ್ತಿತ್ತು. ಹುರಿದ ಕತ್ತಿಗೆ ಎಷ್ಟೋ ಕಡೆ ತೆಳುವಾಗಿ ಎಣ್ಣೆ, ಮೇಣ ಸವರಿ ಬಿಡುತ್ತಾರೆ. ಹಿಡಿದರೆ ಅಜ್ಜನ ಗುದ್ದಲಿ ಕಾವಿನ ಹಾಗೆ ನುಣ್ಣಗೆ.

ಇಲ್ಲೇ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ರಬ್ಬರ್ ಮರ, ಸಿಲ್ವರ್ ಓಕ್‌ಗಳನ್ನು ಹೀಗೆ ಕಾಯಿಸಿ ಬಣ್ಣ, ಅಲುಗಾಟ, ಬಲ ಎಲ್ಲ ಅಳೆದು ಪ್ರಕಟಿಸಿದ್ದಾರೆ ಅಂತ ಹುಡುಕುವಾಗ ಸಿಕ್ಕಿತು. ಸಿಲ್ವರ್ ಓಕ್ ಅಂದ್ರೆ ಕಾಫಿ ತೋಟದಲ್ಲಿ ಬೀಟೆಯ ಪಕ್ಕದಲ್ಲೇ ನಿಂತಿರುವ, ಮೆಣಸಿನ ಬಳ್ಳಿ ಹಬ್ಬಿಸಿರುವ, ಕಡಿದು ಮಾರಲು ಬೀಟೆಯಷ್ಟು ತಾಪತ್ರಯವಿಲ್ಲದ ಮರ. ಅದರಿಂದ ಗಿಟಾರಿನ ಕತ್ತು ಆಗುತ್ತೋ ಇಲ್ಲವೋ, ಮಳೆಗಾಲಕ್ಕೆ ಹಿಡಿದುಕೊಳ್ಳದ ಬಾಗಿಲಾದರೂ ಆದೀತು.

ಆ ಗಿಟಾರನ್ನು ಕೊನೆಗೂ ಕೊಂಡೆ. ಟೋನ್‌ಗಲ್ಲ ಅಂತ ಹೆಂಡತಿಗೆ ಹೇಳಿದ್ದೇನೆ. ಎರಡು ಮಳೆಗಾಲ ಊರಿಗೆ ಒಯ್ದು ನೋಡಿದೆ. ಫ್ರೆಟ್ ತುದಿ ಕೈಗೆ ತಾಕಲಿಲ್ಲ, ಕತ್ತು ಹೆಚ್ಚೇನೂ ಅಲುಗಲಿಲ್ಲ. ಹೆಚ್ಚೇನೂ, ಅಷ್ಟೇ. ಹುರಿದ ಕತ್ತಿನೊಳಗೂ ಮೆಕ್‌ಹ್ಯೂ ಅವರ ಸರಳು ಇದ್ದೇ ಇದೆ, ಅದನ್ನು ತೆಗೆದುಹಾಕುವ ಧೈರ್ಯ ಇದನ್ನು ಮಾಡಿದವರಿಗೂ ಬಂದಿಲ್ಲ. ಕಳೆದ ಆಗಸ್ಟ್‌ನಲ್ಲಿ ಜಗಲಿಯಲ್ಲಿ ಕೂತು ಅದರ ನಟ್ಟನ್ನು ಎಂಟರಲ್ಲಿ ಒಂದು ಸುತ್ತು ತಿರುಗಿಸಿದೆ. ಹಿತ್ತಿಲ ಬಾಗಿಲು ಆಗಲೂ ಹಿಡಿದುಕೊಂಡೇ ಇತ್ತು.